ನಾಲ್ಕು ಮೂಲೆಯ ಅರಿಶಿನ

ನಾನು ಓದಿದ್ದು ಐದನೆಯ ತರಗತಿಯವರೆಗೆ, ಅದೂ ತಮಿಳು ಶಾಲೆಯಲ್ಲಿ. ಕನ್ನಡ ಅಕ್ಷರ ಬಂದದ್ದು ನಲವತ್ತು ದಾಟಿದ ಮೇಲೆ. ನನ್ನ ತಮ್ಮನನ್ನು ಮದುವೆಯಾಗಿ ಚಾಮರಾಜನಗರದ ಕಡೆಯಿಂದ ಬಂದವಳು ಮಧ್ಯಾಹ್ನದ ಹೊತ್ತು ಅವರೆಕಾಯಿ ಸುಲಿಯುತ್ತ ನನ್ನ ಪಕ್ಕ ಕೂತು, ನೆಲದ ಮೇಲೆ ನೀರಿನಲ್ಲಿ ಬೆರಳದ್ದಿ ಒಂದೊಂದೇ ಅಕ್ಷರ ಬರೆದು ತೋರಿಸಿದಳು. ನಾವು ಮನೆಯಲ್ಲಿ ಆಡುವ ಮಾತಿಗೆ ಒಂದು ಬರಹವೂ ಇದೆ ಎನ್ನುವುದು ಅಲ್ಲಿಯವರೆಗೆ ನನ್ನ ಮನಸ್ಸಿಗೆ ಬಂದಿರಲಿಲ್ಲ. ಅವಳು ಈಗ ಇಲ್ಲ. ತಮ್ಮನಿಗೆ ಈ ಅಕ್ಷರ ಬಾರದು. ಅವನು ಇಂಗ್ಲಿಷಿನಲ್ಲಿ ವಾದ ಮಾಡಿದವನು, ತಮಿಳಿನಲ್ಲಿ ಪತ್ರಿಕೆ ಓದುವವನು, ನನ್ನೊಡನೆ ಕನ್ನಡದಲ್ಲಿ ಜಗಳವಾಡುವವನು. ಅವನ ಕಣ್ಣ ಮುಂದೆಯೇ ಈ ನೋಟುಪುಸ್ತಕ ತೆರೆದಿಟ್ಟರೂ ಅವನಿಗೆ ಏನೂ ತಿಳಿಯದು. ನಾನು ಇದನ್ನು ಈ ಅಕ್ಷರದಲ್ಲಿ ಬರೆಯಲು ಶುರುಮಾಡಿದ್ದು ಆ ಕಾರಣಕ್ಕೇ. ಹೇಡಿತನ ಅಂದರೆ ಹೇಡಿತನವೇ.

ಅವನು ವಕೀಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೊಯಮತ್ತೂರಿನ ಸಿವಿಲ್ ಕೋರ್ಟುಗಳಲ್ಲಿ ವ್ಯಾಪಾರಸ್ಥರ ಪರವಾಗಿ ನಿಂತವನು. ಅವನ ಕರಿ ಕೋಟನ್ನು ಅವನ ಮೈಮೇಲಿಂದ ಒಮ್ಮೆ ಇನ್ನೇನು ಇಳಿಸಿಯೇ ಬಿಡುತ್ತಿದ್ದವಳು ನಾನು. ಅದು ಯಾರಿಗೂ ತಿಳಿಯಲಿಲ್ಲ. ಒಬ್ಬರಿಗೆ ತಿಳಿಯಿತು, ಅವರು ಹೇಳಲಿಲ್ಲ.

ನಮ್ಮದು ಕೊಯಮತ್ತೂರಿನ ಹತ್ತಿರ ಕರುಮತ್ತಂಪಟ್ಟಿಯ ಪಕ್ಕದ, ಕನ್ನಡ ಆಡುವ ನೇಕಾರರ ಬೀದಿ. ನಾನು ಏಳೆಂಟು ವರ್ಷದವಳಿದ್ದಾಗ ಎದುರು ಮನೆಗೆ ಕೋರ್ಟಿನ ಅಮೀನ ಬಂದ. ಜೊತೆಗೆ ಒಬ್ಬ ತಮಟೆಯವನು. ಏನು ವ್ಯಾಜ್ಯವೋ ನನಗೆ ಇವತ್ತಿಗೂ ಗೊತ್ತಿಲ್ಲ. ತಮಟೆ ಬಾರಿಸಿದರು, ಏನೋ ಓದಿದರು, ಬಾಗಿಲಿಗೆ ಗೋಂದು ಬಳಿದು ಕಾಗದ ಅಂಟಿಸಿದರು. ಆಮೇಲೆ ಮಗ್ಗವನ್ನು ಬಿಚ್ಚಿ ತುಂಡು ತುಂಡಾಗಿ ಗಾಡಿಗೆ ಹೇರಿದರು. ಹಾಸಿನ ನೂಲು ಇನ್ನೂ ಅದರ ಮೇಲೇ ಇತ್ತು. ಅರ್ಧ ನೇಯ್ದ ಸೀರೆ ಧೂಳಿನಲ್ಲಿ ಎಳೆದುಕೊಂಡು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಅಂಥ ಮೌನವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಪ್ಪ ಮಗ್ಗದ ಗುಂಡಿಯಿಂದ ಕಾಲೆತ್ತಿಕೊಂಡು ಹಾಸಿನ ಹಿಂದೆ ಮುದುರಿ ಕೂತು, “ನಮ್ಮನೆಗಲ್ಲ, ನಮ್ಮನೆಗಲ್ಲ” ಎಂದು ಹೇಳುತ್ತಲೇ ಇದ್ದರು. ತಮಟೆಯವನು ಹೋದ ಮೇಲೂ ಹೇಳುತ್ತಿದ್ದರು.

ಕೋರ್ಟಿಗೆ ಹೆದರದವನು ಒಬ್ಬನಾದರೂ ಮನೆಯಲ್ಲಿರಲಿ ಎಂದು ಅಪ್ಪ ತಮ್ಮನನ್ನು ಓದಿಸಿದರು. ನಾನು ಶಾಲೆ ಬಿಟ್ಟು ನೂಲು ಸುತ್ತಲು ಕೂತೆ. ಅದರ ಬಗ್ಗೆ ನನಗೆ ದುಃಖವಿಲ್ಲ. ಮದುವೆಯಾಯಿತು, ಮೂರನೆಯ ವರ್ಷ ಗಂಡ ಹೋದರು, ಮತ್ತೆ ಅಪ್ಪನ ಮನೆಗೆ ಬಂದೆ. ಅಪ್ಪ ತೀರಿಕೊಂಡ ಮೇಲೆ ತಮ್ಮ ಕೊಯಮತ್ತೂರಿನಲ್ಲಿ ಬಾಡಿಗೆ ಮನೆ ಹಿಡಿದು ನನ್ನನ್ನು ಕರೆದುಕೊಂಡು ಹೋದ. ಮುಂದಿನ ಕೋಣೆ ಅವನ ಆಫೀಸು, ಹಿಂದಿನದು ನನ್ನದು. ನಾನು ಹೇಳಹೊರಟಿರುವುದು ಅದಾಗಿ ಕೆಲವು ವರ್ಷಗಳ ಮೇಲೆ, ಎಂಬತ್ತರ ದಶಕದ ನಡುಭಾಗದಲ್ಲಿ ನಡೆದದ್ದು. ತಿರುಪ್ಪೂರು ಆಗ ನಮ್ಮ ಜಿಲ್ಲೆಯೊಳಗೇ ಇತ್ತು. ಅಲ್ಲಿಯ ಬನಿಯನ್ ಕಂಪೆನಿಗಳು, ಬಟ್ಟೆಗೆ ಸಾಯ, ಅಂದರೆ ಬಣ್ಣ, ಹಾಕುವ ಪಟ್ಟರೆ ಎಂಬ ಸಣ್ಣ ಕಾರ್ಖಾನೆಗಳು ದಿನಕ್ಕೊಂದರಂತೆ ಹುಟ್ಟುತ್ತಿದ್ದವು. ಹುಟ್ಟಿದಷ್ಟೇ ಬೇಗ ಒಂದರ ಮೇಲೊಂದು ದಾವಾ ಹಾಕುತ್ತಿದ್ದವು.

ತಮ್ಮ ದಾವಾ ಹಾಕುವವರ ಕಡೆ ಹೋಗುತ್ತಿರಲಿಲ್ಲ. “ಹಾಕಿಸ್ಕೊಂಡೋರ ಪಕ್ಕ ನಿಲ್ತೀನಿ ಅಕ್ಕಾ. ಅಪ್ಪನ ಮೂತಿ ನೆನಪೈತೆ ನಂಗೆ” ಅನ್ನುತ್ತಿದ್ದ. ಸೋಮನೂರಿನ ನೂಲಿಗೆ ಗಂಜಿ ಹಾಕುವ ಮಿಲ್ಲಿನವರು, ಕಾಂಗೇಯದ ಎಣ್ಣೆ ಮಿಲ್ಲಿನವರು, ತಿರುಪ್ಪೂರಿನವರು, ಎಲ್ಲರೂ ಬರುತ್ತಿದ್ದರು. ದೊಡ್ಡ ಕಾರಿನಲ್ಲಿ ಬಂದವರೂ ಕೈಯಲ್ಲಿ ಸಮನ್ಸ್ ಹಿಡಿದು ಬಾಗಿಲಲ್ಲಿ ನಿಂತಾಗ ಹಾಸಿನ ಹಿಂದೆ ಕೂತ ಅಪ್ಪನಂತೆಯೇ ಕಾಣುತ್ತಿದ್ದರು. ನಾನು ಅವರಿಗೆ ನೀರು ಕೊಡುತ್ತಿದ್ದೆ. ಲೋಟದ ನೀರು ಅಲ್ಲಾಡುವುದನ್ನು ನೋಡಿ ಯಾರ ಕೇಸು ಎಷ್ಟು ಕಷ್ಟದ್ದು ಎಂದು ಅಂದಾಜು ಮಾಡುತ್ತಿದ್ದೆ. ಹೆದರಿಕೆ ಅಂಟುವಂಥದ್ದು. ಬೀದಿಯಲ್ಲಿ ಸೈಕಲ್ ಬೆಲ್ ಆದರೂ ಸೌಟು ನನ್ನ ಕೈಯಲ್ಲಿ ನಿಲ್ಲುತ್ತಿತ್ತು.

ತಮ್ಮನ ಹತ್ತಿರ ಒಬ್ಬರು ಗುಮಾಸ್ತರು ಇದ್ದರು. ಅರವತ್ತರ ಆಸುಪಾಸು, ತಮಿಳಿನವರು. ಮಳೆ ಇರಲಿ ಬಿಡಲಿ, ಕೊಡೆ ಇಲ್ಲದೆ ಬರುವವರಲ್ಲ. ಎಲೆಯಡಿಕೆಯ ಅಭ್ಯಾಸ; ಎಡಗೈ ತೋರುಬೆರಳಲ್ಲಿ ಸದಾ ಸುಣ್ಣ. ಆ ಕೈಯಿಂದ ಮಾತ್ರ ಕಾಗದ ಮುಟ್ಟುತ್ತಿರಲಿಲ್ಲ. “ಕಾಗದ ಅಂದರೆ ಎಳೆಮಗು, ಅಮ್ಮಣೀ. ಕೈ ತೊಳೆದೇ ಎತ್ತಬೇಕು” ಅನ್ನುತ್ತಿದ್ದರು. ಅವರ ತಮಿಳನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ಕೊಂಗುನಾಡಿನವರು ಹೆಂಗಸರನ್ನು ಕರೆಯುವ ಆ ‘ಅಮ್ಮಣಿ’ಯನ್ನು ಮಾತ್ರ ಬಿಡಲು ಮನಸ್ಸಿಲ್ಲ. ನನ್ನನ್ನು ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ.

ಆ ವರ್ಷ ತಿರುಪ್ಪೂರಿನಿಂದ ಒಬ್ಬ ಸಾಯದವನು ಬಂದ. ನಮ್ಮ ಜನವೇ, ನಮ್ಮ ಮಾತೇ. ನಾಲ್ಕು ತೊಟ್ಟಿಯ ಚಿಕ್ಕ ಪಟ್ಟರೆ ಅವನದು. ಮೊಣಕೈವರೆಗೆ ಬಣ್ಣ.

“ಈ ವಾರ ನಾನು ನೀಲಿ ಅಕ್ಕಾ. ಹೋದ ವಾರ ಬಂದಿದ್ರೆ ಕೆಂಪು ಮನುಷ್ಯನ್ನ ನೋಡ್ತಿದ್ರಿ. ಲೋಟದ ಮೇಲೆ ಬಣ್ಣ ಕೂತ್ರೆ ಬಯ್ಬೇಡಿ” ಎಂದು ನಕ್ಕ. ಲೋಟದ ನೀರು ಮಾತ್ರ ತುಳುಕುತ್ತಿತ್ತು.

ಅವನ ಮೇಲೆ ಒಂದು ಬನಿಯನ್ ಕಂಪೆನಿಯವರು ದಾವಾ ಹಾಕಿದ್ದರು. ಹಾಲುಕೆನೆ ಬಣ್ಣ ಹಾಕು ಅಂದರೆ ಹಳದಿ ಹಾಕಿದ್ದಾನೆ, ಹೊರದೇಶದವರು ಸರಕು ಬೇಡವೆಂದರು, ನಷ್ಟ ಕಟ್ಟಿಕೊಡಬೇಕು ಎಂದು. ಸೋತರೆ ಪಟ್ಟರೆಯೇ ಹೋಗುತ್ತದೆ. ಸಾಯದವನ ಹತ್ತಿರ ಒಂದೇ ಒಂದು ಆಧಾರ ಇತ್ತು. ಆ ಕೆಲಸದಲ್ಲಿ ಒಂದು ಪದ್ಧತಿ ಇದೆ: ಮೊದಲು ಬೆರಳಗಲದ ಬಟ್ಟೆಗೆ ಸಾಯ ಹಾಕಿ, ಒಂದು ಅಟ್ಟೆಗೆ, ಅಂದರೆ ರಟ್ಟಿಗೆ, ಪಿನ್ನು ಚುಚ್ಚಿ ತೋರಿಸುತ್ತಾರೆ. ಒಪ್ಪಿದರೆ ಅದರ ಪಕ್ಕದಲ್ಲೇ ಬರೆದು ಸಹಿ ಮಾಡುತ್ತಾರೆ. ಕಂಪೆನಿಯ ಮೇನೇಜರು ಹಾಗೆ ಸಹಿ ಮಾಡಿದ್ದ ಅಟ್ಟೆ ಇವನ ಹತ್ತಿರ ಉಳಿದಿತ್ತು.

“ಇದೇ ಕಲರು, ಇದೇ ಮಾದಿರಿ ಹಾಕು ಅಂತ ಅವರೇ ಬರದವ್ರೆ ವಕೀಲರೇ. ಹಾಕಿದೀನಿ. ಈ ತುಂಡನ್ನೂ ಸರಕನ್ನೂ ಪಕ್ಕದಲ್ಲಿ ಇಟ್ಟು ನೋಡ್ಲಿ, ಸಾಕು. ನಂಗೆ ಬೇರೆ ಸಾಕ್ಷಿ ಬೇಡ.”

ತಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆಯುಧಪೂಜೆಯ ಹಿಂದಿನ ದಿನ ಅದು. ಕೋರ್ಟಿಗೆ ರಜೆ ಶುರುವಾಗಿತ್ತು. ಗುಮಾಸ್ತರು ಅಟ್ಟೆಯನ್ನು ಕಂದು ಬಣ್ಣದ ಕವರಿಗೆ ಹಾಕಿ, ದಾರ ಸುತ್ತಿ, ದೇವರ ಕೋಣೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಲು ನನ್ನ ಕೈಗೆ ಕೊಟ್ಟರು. ಬೆಲೆಯುಳ್ಳ ಕಾಗದಗಳು ಅಲ್ಲೇ ಇರುತ್ತಿದ್ದವು, ಬೀಗದ ಕೈ ನನ್ನ ಸೊಂಟದಲ್ಲಿ. “ಆ ಮನುಷ್ಯನ ಪಟ್ಟರೆ ಪೂರ್ತಿ ಇದರೊಳಗಿದೆ ಅಮ್ಮಣೀ, ಜೋಪಾನ” ಎಂದರು. ಆ ಮಾತೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನೇಕಾರರ ಮನೆಗಳಲ್ಲಿ ಆಯುಧಪೂಜೆಯ ದಿನ ಲಾಳಿ, ಹಣಿಗೆ ಎಲ್ಲವನ್ನೂ ತೊಳೆದು ಚೌಡಮ್ಮನ ಪಟದ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತೇವೆ. ತಮ್ಮನಿಗೆ ಲಾಳಿ ಇಲ್ಲ. ಅವನ ಕಾನೂನು ಪುಸ್ತಕ, ಟೈಪ್‌ರೈಟರ್, ಮೊಹರು, ಕೇಸಿನ ಕಟ್ಟುಗಳು, ಅವೇ ಆಯುಧ. ಕಾಗದವಾದರೆ ನಾಲ್ಕು ಮೂಲೆಗೆ ಅರಿಶಿನ. ಮದುವೆ ಪತ್ರಿಕೆಗೆ ಹಚ್ಚುವುದಿಲ್ಲವೇ, ಹಾಗೆ. ಪ್ರತಿ ವರ್ಷ ಕರುಮತ್ತಂಪಟ್ಟಿಯಿಂದ ಅತ್ತೆ, ಅಪ್ಪನ ತಂಗಿ, ಬೆಳಗಿನ ಬಸ್ಸಿಗೆ ಬಂದು ಇದನ್ನೆಲ್ಲ ಮಾಡುತ್ತಿದ್ದರು. ತಮ್ಮನಿಗೆ ಆಗ ಇನ್ನೂ ಮದುವೆಯಾಗಿರಲಿಲ್ಲ, ನಾನು ಮಾಡುವಂತಿರಲಿಲ್ಲ. ಗಂಡ ಹೋದವಳು ನಾನು. ಸಾರಿಗೆ ಹಾಕುವ ಅರಿಶಿನ ಬೇರೆ, ದೇವರ ಮುಂದಿನ ಬಟ್ಟಲಿನ ಅರಿಶಿನ ಬೇರೆ. ಆ ಬಟ್ಟಲನ್ನು ನಾನು ಹನ್ನೆರಡು ವರ್ಷದಿಂದ ಮುಟ್ಟಿರಲಿಲ್ಲ.

ಆ ವರ್ಷ ಅತ್ತೆ ಬರಲಿಲ್ಲ. ಜ್ವರ ಎಂದು ಆಮೇಲೆ ತಿಳಿಯಿತು. ತಮ್ಮ ಬೆಳಿಗ್ಗೆಯೇ ಕಕ್ಷಿಗಾರರ ಪೂಜೆಗಳಿಗೆಂದು ತಿರುಪ್ಪೂರಿಗೆ ಹೋಗಿದ್ದ. ಗುಮಾಸ್ತರು ಅವರ ಮನೆಯಲ್ಲಿ. ಪೂಜೆಯ ಹೊತ್ತು ಮೀರುತ್ತಿತ್ತು. ಹಿಂದಿನ ವರ್ಷ ಒಂದು ಕಟ್ಟು ಮೇಜಿನ ಕೆಳಗೆ ಬಿದ್ದಿದ್ದು ಪೂಜೆಯಿಂದ ತಪ್ಪಿಹೋಗಿತ್ತು. ಆ ಕೇಸು ಸೋತಿತ್ತು. ತಮ್ಮ ನಕ್ಕಿದ್ದ, ನಾನು ನಕ್ಕಿರಲಿಲ್ಲ. ಈಗ ಎಲ್ಲ ಕಟ್ಟುಗಳೂ ಬರಿದಾಗಿ ಕೂತಿದ್ದವು. ಪೆಟ್ಟಿಗೆಯಲ್ಲಿ ಆ ಸಾಯದವನ ಪಟ್ಟರೆ.

ನಾನು ಬೀದಿ ಬಾಗಿಲ ಅಗುಳಿ ಹಾಕಿದೆ. ಕಿಟಕಿ ಮುಚ್ಚಿದೆ. ಅರಿಶಿನಕ್ಕೆ ನೀರು ಬಿಟ್ಟು ಕಲಸಿದೆ. ಪುಸ್ತಕಗಳಿಗೆ, ಟೈಪ್‌ರೈಟರಿಗೆ, ಕಟ್ಟುಗಳಿಗೆ ಹಚ್ಚಿದೆ. ಕೊನೆಗೆ ಪೆಟ್ಟಿಗೆ ತೆರೆದು, ಕವರಿನ ದಾರ ಬಿಚ್ಚಿ, ಆ ಅಟ್ಟೆಯನ್ನು ಹೊರಗೆ ತೆಗೆದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅದು. ಹೆಚ್ಚು ಅರಿಶಿನ ಬೇಕಾದದ್ದು ಅದಕ್ಕೇ ಅಂದುಕೊಂಡೆ. ಒಂದು ಮೂಲೆ, ಎರಡು, ಮೂರು. ನಾಲ್ಕನೆಯ ಮೂಲೆಯಲ್ಲಿ ಆ ಬಟ್ಟೆಯ ತುಂಡು ಇತ್ತು.

ನೂಲಿನೊಳಗೆ ಹುಟ್ಟಿ ಬೆಳೆದವಳು ನಾನು. ಹತ್ತಿಬಟ್ಟೆಗೆ ಅರಿಶಿನ ತಾಗಿದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಿದ್ದೂ ಬೆರಳು ಮುಂದೆ ಹೋಯಿತು. ಹನಿ ಮೂಲೆಯಲ್ಲಿ ನಿಲ್ಲಲಿಲ್ಲ. ಕಣ್ಣೆದುರೇ ಎಳೆಯಿಂದ ಎಳೆಗೆ ಹತ್ತುತ್ತ, ಹಾಲುಕೆನೆಯನ್ನು ಕುಡಿಯುತ್ತ ಅರ್ಧ ತುಂಡಿಗೆ ಹರಡಿತು.

ಆಗಲೇ ನಿಲ್ಲಿಸಬೇಕಿತ್ತು. ತಮ್ಮ ಬಂದ ಕೂಡಲೇ ಹೇಳಬೇಕಿತ್ತು. ನಾನು ತುಂಡನ್ನು ಪಿನ್ನಿನಿಂದ ಬಿಡಿಸಿ ಬಚ್ಚಲಿಗೆ ಒಯ್ದು ಸೋಪು ತಿಕ್ಕಿದೆ. ಕ್ಷಣದಲ್ಲಿ ಅದು ಕೆಂಪಾಯಿತು. ಆರತಿಯ ನೀರಿನ ಕೆಂಪು. ಅರಿಶಿನಕ್ಕೆ ಸೋಪಿನ ಕ್ಷಾರ ತಾಗಿದರೆ ಹಾಗಾಗುತ್ತದೆಂದು ಗೊತ್ತಿದ್ದರೂ ಆ ಹೊತ್ತಿಗೆ ನನಗೆ ಕಂಡದ್ದು ರಕ್ತ. ವಿಧವೆ ಬಟ್ಟಲು ಮುಟ್ಟಿದ್ದಕ್ಕೆ ಚೌಡಮ್ಮ ತೋರಿಸಿದ್ದು ಎಂದೇ ಅನ್ನಿಸಿತು. ಬಚ್ಚಲ ಕಲ್ಲಿನ ಮೇಲೆ ಕೂತೆ. ಆಮೇಲೆ ನಿಂಬೆಹಣ್ಣು ಹಿಂಡಿದೆ. ಕೆಂಪು ಹೋಗಿ ಮತ್ತೆ ಹಳದಿ ಬಂತು, ಈ ಸಲ ಇಡೀ ತುಂಡಿಗೆ, ಒಂದೇ ಸಮ. ಅಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಸಹಿಯ ಒಂದು ಅಂಚು ಕದಡಿತು. ತುಂಡನ್ನು ಮಹಡಿಯ ಬಿಸಿಲಿನಲ್ಲಿ ಜರಡಿಯ ಕೆಳಗೆ ಇಟ್ಟೆ. ಬಿಸಿಲಿಗೆ ಅರಿಶಿನ ಹಾರುತ್ತದೆ. ಸ್ವಲ್ಪ ಹಾರಿತು. ಮತ್ತೆ ಅದೇ ತೂತುಗಳಿಗೆ ಪಿನ್ನು ಚುಚ್ಚಿ, ಕವರಿಗೆ ಹಾಕಿ, ದಾರ ಸುತ್ತಿ ಬೀಗ ಹಾಕಿದೆ. ಪುಸ್ತಕಗಳ ಮೇಲಿನ, ಕಟ್ಟುಗಳ ಮೇಲಿನ ಅರಿಶಿನವನ್ನೂ ಒಂದು ಬೊಟ್ಟೂ ಉಳಿಯದಂತೆ ಒರೆಸಿಬಿಟ್ಟೆ.

ಸಂಜೆ ತಮ್ಮ ಬಂದು, “ಪೂಜೆ ಆಯ್ತಾ ಅಕ್ಕಾ? ಅತ್ತೆ ಎಲ್ಲಿ?” ಎಂದ.

“ಅತ್ತೆ ಬರ್ಲಿಲ್ಲ. ಹೂವ ಮಾತ್ರ ಇಟ್ಟೆ.”

“ಹೂವ ಸಾಕು ಬಿಡು. ಸರಸ್ವತಿ ಕೋಪ ಮಾಡ್ಕೊಂಡ್ರೆ ನಾನು ವಾದ ಮಾಡ್ತೀನಿ” ಎಂದು ಅವನು ಕೈಕಾಲು ತೊಳೆಯಲು ಹೋದ.

ರಜೆ ಮುಗಿದು ಆ ಕೇಸು ಬರುವವರೆಗಿನ ದಿನಗಳಲ್ಲಿ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಹೇಳಲು ದಿನಕ್ಕೆ ನಾಲ್ಕು ಸಲ ಮುಂದಿನ ಕೋಣೆಯ ಬಾಗಿಲವರೆಗೆ ಹೋಗುತ್ತಿದ್ದೆ. “ಏನಕ್ಕಾ?” ಅನ್ನುತ್ತಿದ್ದ. “ಕಾಫಿ ಬೇಕಾ?” ಅನ್ನುತ್ತಿದ್ದೆ. ಆ ವಾರ ಅವನು ಕುಡಿದಷ್ಟು ಕಾಫಿಯನ್ನು ಯಾವತ್ತೂ ಕುಡಿದಿರಲಾರ. ಕೇಸಿನ ದಿನ ಬೆಳಿಗ್ಗೆ ಕವರನ್ನು ಪೆಟ್ಟಿಗೆಯಿಂದ ತೆಗೆದು ಗುಮಾಸ್ತರ ಕೈಗೆ ಕೊಟ್ಟೆ. ಅವರು ಕೈ ತೊಳೆದು ಬಂದು ತೆಗೆದುಕೊಂಡರು.

ಅವತ್ತು ಕೋರ್ಟಿನಲ್ಲಿ ನಡೆದದ್ದನ್ನು ಸಂಜೆ ತಮ್ಮನೇ ಹೇಳಿದ. ಅವನು ಕೋಟು ತೆಗೆಯಲಿಲ್ಲ, ಕೂರಲೂ ಇಲ್ಲ. ಬೇರೆ ಕೋರ್ಟಿನಿಂದ ಓಡಿ ಬಂದು ಅವಸರದಲ್ಲಿ ಕವರು ಬಿಚ್ಚಿದನಂತೆ. ತುಂಡಿನ ಬಣ್ಣ ಕಂಡು ಮೊದಲು ಸಂತೋಷವೇ ಆಯಿತಂತೆ: ಸರಕಿನ ಬಣ್ಣಕ್ಕೆ ಇಷ್ಟು ಹತ್ತಿರವಿದೆ ಎಂದು ಅವನು ಅಂದುಕೊಂಡಿರಲಿಲ್ಲ. ಎದುರು ಪಕ್ಷದ ವಕೀಲರು ಅದನ್ನು ಕಿಟಕಿಗೆ ಒಯ್ದು ಪಿನ್ನು ಎತ್ತಿ ನೋಡಿದರು. ಕೆಳಗಿನ ಅಟ್ಟೆಯಲ್ಲಿ ಹಳದಿ ಕಲೆ. ಸಹಿಯ ಅಂಚು ಕದಡಿದೆ. ಮೂಗಿಗೆ ಹಿಡಿದು, “ಸ್ವಾಮೀ, ನಮ್ಮ ಮಿತ್ರರು ಸಾಕ್ಷ್ಯದ ಜೊತೆ ಸಾಂಬಾರನ್ನೂ ತಂದಿದ್ದಾರೆ” ಎಂದರು. ಕೋರ್ಟು ಪೂರ್ತಿ ನಕ್ಕಿತು. ಜಡ್ಜು ತಾವೂ ಮೂಸಿ ನೋಡಿದರು. ಅವರು ನಗಲಿಲ್ಲ.

“ಸರಕಿನ ಬಣ್ಣಕ್ಕೆ ಸರಿಹೋಗ್ಲಿ ಅಂತ ನಾವೇ ಸಾಯ ಹಾಕಿದೀವಿ ಅಂತಾರೆ ಅಕ್ಕಾ. ನಾನು! ಒಂದು ವಾರದೊಳಗೆ ಅದು ಯಾರ್ಯಾರ ಕೈಲಿತ್ತು ಅಂತ ಪ್ರಮಾಣ ಮಾಡಿ ಬರದು ಕೊಡ್ಬೇಕು. ಜಡ್ಜಿಗೆ ನಂಬ್ಕೆ ಬರ್ದಿದ್ರೆ ಮೇಲಕ್ಕೆ ಬರೀತಾರೆ. ಕೋಟು ಹೋಯ್ತು ಅಂತ್ಲೇ ಅರ್ಥ.”

ನಾನು ಅವನಿಗೆ ನೀರು ತಂದು ಕೊಟ್ಟೆ.

“ಆ ಕವರ್ ನೀನು ತೆಗ್ದಿಯಾ?”

“ಇಲ್ಲ.”

“ಪೂಜೆ ದಿನ? ಯೋಚ್ನೆ ಮಾಡಿ ಹೇಳಕ್ಕಾ. ಬೇಕಾದ್ರೆ ನಿನ್ನೂ ಕೂಂಡು ಹತ್ತಿಸ್ತಾರೆ.”

ಸಾಕ್ಷಿ ಹೇಳುವ ಕಟಕಟೆಯನ್ನು ನಮ್ಮ ಮನೆಯಲ್ಲಿ ಕೂಂಡು ಅನ್ನುತ್ತೇವೆ, ಪಂಜರ ಎಂದು. ನನ್ನ ಕಿವಿಯಲ್ಲಿ ತಮಟೆ ಶುರುವಾಯಿತು. ಆ ಪಂಜರದಲ್ಲಿ ನಿಂತು, ಎಲ್ಲರೆದುರು, ಗಂಡನಿಲ್ಲದ ನಾನು ದೇವರ ಅರಿಶಿನ ಮುಟ್ಟಿದೆ ಎಂದು ಹೇಳಬೇಕು. ಬಟ್ಟೆಯ ತುಂಡಿಗೆ ಸೋಪು ಹಾಕಿದೆ, ನಿಂಬೆ ಹಿಂಡಿದೆ ಎಂದು ಹೇಳಬೇಕು. ಅವರೆಲ್ಲ ಮತ್ತೆ ನಗುತ್ತಾರೆ. ತಮ್ಮ ನನ್ನ ಮುಖ ನೋಡುತ್ತಾನೆ.

“ಅರಶಿಣ ಇಡೋರು ಯಾರಿದ್ರು ಮನೇಲಿ? ನಾನು ಮುಟ್ಟಲಿಲ್ಲ” ಎಂದೆ.

ಅವನು ನಂಬಿದ. ವಿಧವೆ ಆ ಬಟ್ಟಲು ಮುಟ್ಟುವುದಿಲ್ಲ ಎನ್ನುವುದೇ ನನಗೆ ಸಾಕ್ಷಿಯಾಯಿತು. “ಹಂಗಾದ್ರೆ ಗುಮಾಸ್ತರು. ಕೋರ್ಟಿಗೆ ತಂದೋರು ಅವ್ರೇ” ಎಂದ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಕೊಡೆಯನ್ನು ಬಾಗಿಲ ಹಿಂದೆ ಇಟ್ಟು ಕೂತರು. ತಮ್ಮ ಕೇಳುತ್ತಿದ್ದುದು ಅಡುಗೆಮನೆಗೆ ಕೇಳಿಸುತ್ತಿತ್ತು. ಅವನ ದನಿ ಏರುತ್ತಿತ್ತು. ಎದುರು ಪಕ್ಷದವರು ಎಷ್ಟು ಕೊಟ್ಟರು ಎಂದೂ ಕೇಳಿದ. ಹನ್ನೊಂದು ವರ್ಷ ಜೊತೆಗಿದ್ದವರಿಗೆ ಕೇಳುವ ಮಾತಲ್ಲ ಅದು. ನಾನು ಬಾಗಿಲ ಸಂದಿಯಿಂದ ನೋಡಿದೆ. ಗುಮಾಸ್ತರು ಮೇಜಿನ ಮೇಲೆ ಖಾಲಿ ಬಿದ್ದಿದ್ದ ಆ ಕಂದು ಕವರನ್ನು ಕೈಗೆ ತೆಗೆದುಕೊಂಡರು. ಕೈ ತೊಳೆದಿರಲಿಲ್ಲ. ಅವರು ಹಾಗೆ ಕಾಗದ ಮುಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕವರಿನ ಮಡಿಕೆಯ ಒಳಗೆ ಹಳದಿಯಾಗಿ ಒಂದು ಹೆಬ್ಬೆಟ್ಟಿನ ಗುರುತು ಇತ್ತು. ನಾನು ಒರೆಸದೆ ಉಳಿದದ್ದು ಅದೊಂದು. ಅವರ ಬೆರಳಿನ ಸುಣ್ಣ ಅದಕ್ಕೆ ತಾಗಿತು. ಗುರುತು ಕೆಂಪಾಯಿತು.

ಅವರು ಅದನ್ನು ನೋಡಿದರು. ಚಿಕ್ಕ ಹೆಬ್ಬೆಟ್ಟು, ಹೆಂಗಸಿನದು. ತಲೆಯೆತ್ತಿ ನೇರವಾಗಿ ಬಾಗಿಲ ಸಂದಿಯನ್ನು ನೋಡಿದರು. ನಾನು ಅಲ್ಲಿದ್ದೇನೆಂದು ಅವರಿಗೆ ಗೊತ್ತಿತ್ತು. ನಾನು ಒಂದು ಹೆಜ್ಜೆ ಮುಂದೆ ಬಂದಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ನಾನು ಒಂದು ಹೆಜ್ಜೆ ಹಿಂದೆ ಹೋದೆ.

ಅವರು ಕವರನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. “ನನ್ನ ಮನೆಯಲ್ಲಿತ್ತು ಎಂದು ಬರೆಯಿರಿ” ಎಂದರು. “ಪೂಜೆಗೆ ಮುಂಚೆ ನಾನೇ ಇಸಿದುಕೊಂಡು ಹೋಗಿ ದೇವರ ಮುಂದೆ ಇಟ್ಟಿದ್ದೆ. ಅರಿಶಿನ ಬಿತ್ತು, ತೊಳೆದೆ. ವಕೀಲರಿಗೆ ಏನೂ ತಿಳಿಯದು. ನಾನು ಪ್ರಮಾಣ ಮಾಡುತ್ತೇನೆ.” ದನಿಯಲ್ಲಿ ಕರುಣೆ ಇರಲಿಲ್ಲ. ಸಿಟ್ಟಿತ್ತು. ಯಾರ ಮೇಲೆ ಎಂದು ತಮ್ಮನಿಗೆ ತಿಳಿಯಲಿಲ್ಲ. ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು ಎನ್ನುವುದೂ ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ.

ಯಾಕೆ ಹಾಗೆ ಮಾಡಿದರು ಎಂದು ನನಗೆ ಇವತ್ತಿಗೂ ಹೇಳಲಾಗದು. ತಮ್ಮನ ಕೋಟಿಗಾಗಿಯೋ, ನನ್ನನ್ನು ಪಂಜರ ಹತ್ತಿಸಬಾರದೆಂದೋ, ಅಥವಾ ಅಂಥ ಮಾತು ಕೇಳಿಸಿಕೊಂಡ ಮೇಲೆ ಆ ಮನೆಯಲ್ಲಿ ಇನ್ನೊಂದು ಗಳಿಗೆಯೂ ಇರುವುದು ಬೇಡವೆಂದೋ. ಅವರು ಬರೆದುಕೊಟ್ಟರು, ಸಹಿ ಹಾಕಿದರು, ಹೊರಟರು. ತಮ್ಮ ಆ ಕಾಗದ ಹಿಡಿದು ಕೋರ್ಟಿಗೆ ಓಡಿದ.

ಐದು ನಿಮಿಷ ಕಳೆದು ಬಾಗಿಲು ತಟ್ಟಿದ ಸದ್ದು. ಗುಮಾಸ್ತರೇ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಅವರು ಹೊಸ್ತಿಲು ದಾಟಲಿಲ್ಲ.

“ಅಮ್ಮಣೀ, ನಾನು ಏನಾದರೂ ಬಿಟ್ಟು ಹೋದೆನಾ?” ಎಂದರು.

ಅವರು ಕಾಯುತ್ತಿದ್ದರು. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಈ ಕೊನೆಯಿಂದ ಆ ಕೊನೆಗೆ ಹೋದಳು. ಅವರು ಇನ್ನೂ ಕಾಯುತ್ತಿದ್ದರು.

“ಕೊಡೆ ಬಾಗಿಲ ಹಿಂದೆ ಇದೆ” ಎಂದೆ.

ತೆಗೆದುಕೊಟ್ಟೆ. ತೆಗೆದುಕೊಂಡರು. “ಸರಿ ಅಮ್ಮಣೀ” ಎಂದು ಹೋದರು.

ಜಡ್ಜು ತಮ್ಮನನ್ನು ಎಚ್ಚರಿಸಿ ಬಿಟ್ಟರು. ಅಟ್ಟೆಯನ್ನು ಮಾತ್ರ ಪಕ್ಕಕ್ಕೆ ಇಟ್ಟರು. ಅದನ್ನು ನೋಡುವುದಿಲ್ಲ ಎಂದರು. ಸಾಯದವನು ಸೋತ. ಅವನು ಹಾಕಿದ ಬಣ್ಣ ನಿಜವಾಗಿಯೂ ಆ ತುಂಡಿನದೇ ಆಗಿತ್ತೋ ಇಲ್ಲವೋ, ಅದನ್ನು ಇನ್ನು ಯಾರೂ ಹೇಳಲಾರರು. ನಾನೂ ಹೇಳಲಾರೆ. ಹಾಲುಕೆನೆಯಾಗಿದ್ದಾಗ ಅದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ, ಅದು ಮುಖ್ಯ ಎನ್ನುವುದನ್ನು ಮಾತ್ರ ನೋಡಿದ್ದೆ. ಪಟ್ಟರೆ ಕೈಬಿಟ್ಟು ಹೋಯಿತು. ಇನ್ನೊಬ್ಬರ ತೊಟ್ಟಿಯಲ್ಲಿ ಮೇಸ್ತ್ರಿಯಾಗಿ ಸೇರಿದ. ಒಮ್ಮೆ ಮನೆಗೆ ಬಂದಾಗ ಅವನ ಕೈ ಹಸಿರಾಗಿತ್ತು. ಈ ವಾರ ನಾನು ಹಸಿರು ಅನ್ನುತ್ತಾನೇನೋ ಎಂದು ಕಾದೆ. ಅನ್ನಲಿಲ್ಲ.

ತಮ್ಮನ ವಕೀಲಿಕೆ ಉಳಿಯಿತು, ಬೆಳೆಯಿತು. ಆದರೆ ಅವನು ಬೇರೆಯವನಾದ. ಕಾಗದವನ್ನು ಮನೆಯಲ್ಲಿ ಇಡುವುದನ್ನು ಬಿಟ್ಟ. ಉಕ್ಕಿನ ಬೀರು ತಂದು ಬೀಗದ ಕೈ ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಯಾವ ಗುಮಾಸ್ತನನ್ನೂ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳಲಿಲ್ಲ. “ಹನ್ನೊಂದು ವರ್ಷದವರೇ ಹಂಗೆ ಮಾಡಿದ್ರು” ಅನ್ನುತ್ತಿದ್ದ. ಪ್ರತಿ ಸಲ ಅವನು ಹಾಗೆ ಹೇಳಿದಾಗಲೂ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಆಯುಧಪೂಜೆಗೆ ಅವನೇ ಪುಸ್ತಕಗಳ ಮೇಲೆ ಹೂವು ಹಾಕುತ್ತಿದ್ದ, ಅರಿಶಿನ ಬೇಡವೆಂದ.

ಗುಮಾಸ್ತರಿಗೆ ಬೇರೆ ಯಾವ ವಕೀಲರೂ ಕೆಲಸ ಕೊಡಲಿಲ್ಲ. ರಿಜಿಸ್ಟ್ರಾರ್ ಆಫೀಸಿನ ಎದುರು ಬೇವಿನ ಮರದ ಕೆಳಗೆ ಮಣೆ ಇಟ್ಟುಕೊಂಡು ಬಂದವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ನಾನು ಮಾರ್ಕೆಟ್ಟಿಗೆ ಹೋಗುವ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ನಾನು ಮುಂದಿನ ನಿಲ್ದಾಣದಲ್ಲಿ ಇಳಿದು, ಬಿಸಿಲಿನಲ್ಲಿ ಹಿಂದಕ್ಕೆ ನಡೆದು, ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗುತ್ತಿದ್ದೆ. ನಾಲ್ಕು ವರ್ಷ ಹಾಗೆ ನಡೆದೆ. ಬಸ್ಸಿನ ಕಿಟಕಿಯಿಂದ ಮಾತ್ರ ನೋಡುತ್ತಿದ್ದೆ: ಮರಕ್ಕೆ ಒರಗಿಸಿಟ್ಟ ಕೊಡೆ, ಬಗ್ಗಿದ ತಲೆ. ಒಂದು ದಿನ ಮಣೆ ಇತ್ತು, ಬೇರೆ ಯಾರೋ ಕೂತಿದ್ದರು. ಅವತ್ತಿನಿಂದ ಅದೇ ನಿಲ್ದಾಣದಲ್ಲಿ ಇಳಿಯಬಹುದಾಗಿತ್ತು. ಇಳಿಯಲು ಆಗಲಿಲ್ಲ.

ಇಷ್ಟು ಬರೆದು ನೋಟುಪುಸ್ತಕ ಮುಚ್ಚಿಟ್ಟಿದ್ದೆ.

ತಮ್ಮ ಈಗ ಕೋರ್ಟಿಗೆ ಹೋಗುವುದಿಲ್ಲ. ಕಣ್ಣಿಗೆ ಪೊರೆ. ಮೊನ್ನೆ ಮಧ್ಯಾಹ್ನ ಜಗಲಿಯ ಕುರ್ಚಿಯಲ್ಲಿ ಕೂತಿದ್ದವನು, “ಏನಕ್ಕಾ ಅದು, ವರ್ಷದಿಂದ ಬರೀತಾನೇ ಇದೀಯಾ. ನನ್ನ ಮೇಲೆ ದಾವಾನಾ?” ಎಂದ.

“ಹೂಂ.”

“ಹಂಗಾದ್ರೆ ನನಗೊಂದು ಕಾಪಿ ಕೊಡ್ಬೇಕು. ಓದೋಕಾಗಲ್ಲ, ನೀನೇ ಓದು.”

ಅಕ್ಷರ ಅವನಿಗೆ ಬಾರದು, ಮಾತು ಪೂರ್ತಿ ತಿಳಿಯುತ್ತದೆ. ಇಷ್ಟು ದಿನ ನನ್ನನ್ನು ಕಾಪಾಡಿದ್ದ ಗೋಡೆ ಅಷ್ಟೇ ದಪ್ಪದ್ದು. ಕಾಫಿ ಬೇಕಾ ಎಂದು ಕೇಳಲು ಬಾಯಿ ತೆರೆದೆ. ಮುಚ್ಚಿದೆ. ಮೊದಲ ಪುಟದಿಂದ ಓದಿದೆ. ಎಲ್ಲೂ ಬಿಡಲಿಲ್ಲ. ಅರಿಶಿನದ ಹತ್ತಿರ ಬಂದಾಗ ಅವನು ಕನ್ನಡಕ ತೆಗೆದ. ಗುಮಾಸ್ತರಿಗೆ ಅವನು ಕೇಳಿದ ಮಾತಿನ ಹತ್ತಿರ ಬಂದಾಗ ಮುಖ ಬೀದಿಯ ಕಡೆ ತಿರುಗಿಸಿದ. ಬೇವಿನ ಮರದವರೆಗೆ ಓದಿ ನಿಲ್ಲಿಸಿದೆ.

ಬಯ್ಯಲಿ ಎಂದು ಕಾದೆ. ಏಳಲಿ, ಹೊರಟುಹೋಗಲಿ ಎಂದು ಕಾದೆ.

“ಅಕ್ಕಾ,” ಎಂದ ಕೊನೆಗೆ. ಮುಖ ಇನ್ನೂ ಆ ಕಡೆಗೇ ಇತ್ತು. “ಅವ್ರು ಕೊಡೆ ತಗೊಳಕ್ಕೆ ಬಂದ್ರಲ್ಲ. ಆ ಜಾಗ ಇನ್ನೊಂದು ತಡವೆ ಓದು.”

ಪುಟ ಹಿಂದಕ್ಕೆ ತಿರುಗಿಸಿ ಓದಿದೆ.